ಎಂಬತ್ತೆಂಟನೆಯ ನಿಮಿಷ

ಸೋಮವಾರ ಬೆಳಗ್ಗೆ ಹಲ್ಲುಜ್ಜುವಾಗಲೂ ಅಶೋಕ ಹಿಂದಿನ ದಿನದ ಫುಟ್‌ಬಾಲ್ ಪಂದ್ಯದ ರೆಫರಿಯೊಡನೆ ವಾದಿಸುತ್ತಲೇ ಇದ್ದ. ಬಾಯಿತುಂಬ ನೊರೆ ಇಟ್ಟುಕೊಂಡು, ಕನ್ನಡಿಯೊಳಗಿನ ತನ್ನ ಮುಖವೇ ರೆಫರಿಯದೆಂಬಂತೆ ಅದನ್ನು ದಿಟ್ಟಿಸಿ, ಅವನು ಮನಸ್ಸಿನಲ್ಲೇ ಹೇಳುತ್ತಿದ್ದ: ಎಂಬತ್ತೆಂಟನೆಯ ನಿಮಿಷ, ನಮ್ಮ ಡಿಫೆಂಡರ್ ಬೆನ್ನು ತಿರುಗಿಸಿದ್ದ, ಚೆಂಡು ಅವನ ಮೊಣಕಾಲಿಗೆ ಬಡಿದು ಮೇಲಕ್ಕೆ ಚಿಮ್ಮಿ ಮುಂಗೈಗೆ ತಗುಲಿತು, ಜಿಗಿಯುವ ಮನುಷ್ಯನಿಗೆ ಕೈಗಳನ್ನು ಮನೆಯಲ್ಲಿಟ್ಟು ಬರಲಾಗುತ್ತದೆಯೇ? ಹತ್ತು ಅಡಿ ದೂರದಲ್ಲಿ ನಿಂತು ಕಣ್ಣಾರೆ ನೋಡಿದಾಗ ನಿನಗೇ ಅದು ತಪ್ಪಾಗಿ ಕಾಣಲಿಲ್ಲ. ಆಟ ನಡೆಯಲಿ ಎಂದು ಕೈ ಬೀಸಿದವನು ನೀನೇ. ಆಮೇಲೆ ಎಲ್ಲೋ ಒಂದು ಕೋಣೆಯಲ್ಲಿ ಪರದೆಯ ಮುಂದೆ ಕೂತವರು ನಿನ್ನ ಕಿವಿಯಲ್ಲಿ ಏನೋ ಊದಿದರು. ನೀನು ಗೆರೆಯಾಚೆಯ ಟಿವಿಯ ಹತ್ತಿರ ಓಡಿಹೋಗಿ ಅದನ್ನೇ ಮತ್ತೆ ಮತ್ತೆ, ನಿಧಾನವಾಗಿ, ಇನ್ನೂ ನಿಧಾನವಾಗಿ ನೋಡಿದೆ. ನಾಲ್ಕು ನಿಮಿಷ ನೋಡಿ ನಮ್ಮ ಮೇಲೆ ಪೆನಾಲ್ಟಿ ಕೊಟ್ಟೆ. ಅಷ್ಟು ಹೊತ್ತು ಹಿಂಜಿ ನೋಡಿದರೆ ಯಾವ ಮನುಷ್ಯನಲ್ಲಿ ತಪ್ಪು ಸಿಗುವುದಿಲ್ಲ?

ಈ ಕೊನೆಯ ಮಾತು ಅವನಿಗೇ ಹಿಡಿಸಿತು. ಅದನ್ನು ಮಗಳು ಧರಣಿಗೆ ಹೇಳಬೇಕೆಂದು ಬಾಯಿ ಮುಕ್ಕಳಿಸಿ ಹೊರಗೆ ಬಂದ. ಏಳು ವರ್ಷದವಳಾಗಿದ್ದಾಗಿನಿಂದ ಅವಳು ಅವನ ಪಕ್ಕದಲ್ಲಿ ಕೂತು ಆ ತಂಡದ ಆಟ ನೋಡಿದವಳು. ಅಪ್ಪನಾಗಲಿ ಮಗಳಾಗಲಿ ಎಂದೂ ಕಾಲಿಡದ, ಬಹುಶಃ ಇಡಲಾರದ, ಇಂಗ್ಲೆಂಡಿನ ಒಂದು ಊರಿನ ತಂಡ. ಕೈ ಚೆಂಡಿಗೆ ಹೋದರೆ ತಪ್ಪು, ಚೆಂಡು ಕೈಗೆ ಬಂದರೆ ತಪ್ಪಲ್ಲ ಎಂದು ಅವಳಿಗೆ ಹೇಳಿಕೊಟ್ಟದ್ದು ಇದೇ ಹಾಲಿನಲ್ಲಿ, ಉಂಡೆ ಮಾಡಿದ ಕಾಲುಚೀಲವನ್ನು ಅವಳತ್ತ ಎಸೆದು. ಅವಳು ನಕ್ಕು ನಕ್ಕು ಕೇಳಿದ್ದಳು: ಬೇಕೂಂತ ಮಾಡಿದ್ನೋ ತಾನಾಗೇ ಆಯ್ತೋ ಅಂತ ಹೆಂಗಪ್ಪಾ ಗೊತ್ತಾಗತ್ತೆ? ಈಗ ಕಾನೂನು ಓದುತ್ತಿರುವ ಅದೇ ಧರಣಿ ಬಾಗಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. "ನೋಡಿದ್ಯಾ ನಿನ್ನೆ, ಅದು ಯಾವ ಸೀಮೆ ಹ್ಯಾಂಡ್‌ಬಾಲು?" ಎಂದ. ಅವಳು ತಲೆಯೆತ್ತಲಿಲ್ಲ. "ಲೇಟಾಯ್ತು," ಎಂದು ಹೊರಟುಹೋದಳು. ಸೋತದ್ದಕ್ಕೆ ಅವಳಿಗೂ ಹೊಟ್ಟೆಯುರಿದಿದೆ ಎಂದುಕೊಂಡ ಅಶೋಕ, ಕೊಂಚ ಹೆಮ್ಮೆಯಿಂದಲೇ. ಹೆಂಡತಿ ಮಾಲಾ ಅಡಿಗೆಮನೆಯಿಂದ, "ತಿಂಡೀನೂ ತಿನ್ದೆ ಹೋದ್ಲು ಕಣ್ರೀ," ಎಂದಳು. ಅವನು ಅದಕ್ಕೂ ರೆಫರಿಯನ್ನೇ ಬೈದ.

ಆದರೆ ಕೆಸರೆಯ ಮನೆಯಿಂದ ಸ್ಕೂಟರ್ ಹೊರಡಿಸಿ ನಂಜನಗೂಡು ರಸ್ತೆ ಹಿಡಿದಾಗ, ಬೈಗುಳದ ಅಡಿಯಲ್ಲಿ ಬೇರೊಂದು ಏನೋ ಅಲುಗುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು. ನಿನ್ನೆ ರಾತ್ರಿ ಹೂಟಗಳ್ಳಿಯಿಂದ ಮನೆಗೆ ಬರುವಾಗಲೂ ಅದು ಇತ್ತು. ಹಲ್ಲುಸಂದಿಯಲ್ಲಿ ಸಿಕ್ಕ ಸೊಪ್ಪಿನ ನಾರಿನಂತೆ ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಅವನು ನಾಲಗೆಯನ್ನು ಎಳೆದು ತಂದು ಪೆನಾಲ್ಟಿಯ ಮೇಲಿಡುತ್ತಿದ್ದ. ನಿನ್ನೆ ಸಂಜೆ ಶಿವಶಂಕರ್ ಮನೆಯಲ್ಲಿ ಐದು ಜನ ಇದ್ದರು. ಶಿವಶಂಕರ್ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮ್ಯಾನೇಜರು. ಅವರ ಮಗಳು ಸಮನ್ವಿತಾ ಧರಣಿಯ ಸಹಪಾಠಿ. ಕಾಲೇಜಿನ ಪೋಷಕರ ಸಭೆಯಲ್ಲಿ ಇಬ್ಬರು ಅಪ್ಪಂದಿರೂ ಒಂದೇ ತಂಡದ ಟೋಪಿ ಹಾಕಿಕೊಂಡು ಬಂದು ಪರಿಚಯವಾದವರು. ಮೂರು ವರ್ಷದಿಂದ ಆಟವಿದ್ದಾಗಲೆಲ್ಲ ಅಶೋಕ ಅಲ್ಲಿಗೆ ಹೋಗುತ್ತಿದ್ದ. ಅವರನ್ನು ಒಂದು ಸಲವೂ ತನ್ನ ಮನೆಗೆ ಕರೆದಿರಲಿಲ್ಲ. 'ನಿಮ್ಮನೇಲಿ ಟಿವಿ ದೊಡ್ಡದು' ಎನ್ನುತ್ತಿದ್ದ. ತನ್ನ ಹಾಲಿನ ಗೋಡೆಯಲ್ಲಿ ಬುದ್ಧನ ಪಕ್ಕದಲ್ಲಿರುವ ನೀಲಿ ಕೋಟಿನ ಫೋಟೊ ಅದಕ್ಕೆ ಕಾರಣವೆಂದು ಯಾರಾದರೂ ಅಂದಿದ್ದರೆ ಅವರ ಕಪಾಳಕ್ಕೆ ಬಿಗಿಯುತ್ತಿದ್ದನೇನೋ. ಶಿವಶಂಕರರ ತಾಯಿ ಸುಂದರಮ್ಮ ಮೊದಲ ದಿನವೇ, "ಯಾವ ಕಡೆಯವರಪ್ಪ ನೀವು?" ಎಂದು ಕೇಳಿದ್ದರು. "ಕಡಕೊಳದ ಕಡೆಯವರು ಅಮ್ಮ," ಎಂದಿದ್ದ. ಆಕೆ ಇನ್ನೂ ಏನೋ ಬರುತ್ತದೆಂದು ಒಂದು ಗಳಿಗೆ ಕಾದು, ಬರದಿದ್ದಾಗ ನಕ್ಕು ಕೋಡುಬಳೆಯ ತಟ್ಟೆ ಮುಂದಿಟ್ಟಿದ್ದರು.

ಕಡಕೊಳದ ಕೈಗಾರಿಕಾ ಪ್ರದೇಶದ ಹಿಂದೆ, ಇಬ್ಬರು ಅಣ್ಣತಮ್ಮಂದಿರು ಬದುವಿಗಾಗಿ ಕಿತ್ತಾಡುತ್ತಿದ್ದ ಹೊಲದಲ್ಲಿ ಅವತ್ತು ಹದ್ದುಬಸ್ತಿನ ಅಳತೆಯಿತ್ತು. ಅಶೋಕ ಸರ್ಕಾರಿ ಸರ್ವೆಯರು, ಇಪ್ಪತ್ತೆರಡು ವರ್ಷದ ಸರ್ವಿಸ್ಸು. ಅವನ ಅಪ್ಪ ಹುಚ್ಚಯ್ಯ ಇದೇ ಇಲಾಖೆಯಲ್ಲಿ ಅಳತೆಯ ಸರಪಳಿ ಎಳೆಯುವ ಚೈನ್‌ಮನ್ ಆಗಿದ್ದವನು. ಸಾಹೇಬರು ಊರೊಳಗೆ ಊಟಕ್ಕೆ ಹೋದಾಗ ಕಬ್ಬಿಣದ ಸರಪಳಿಯನ್ನು ಹೆಗಲಿಗೆ ಸುತ್ತಿಕೊಂಡು ಹೊಲದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದ. ಮಗ ಸರ್ವೆಯರಾದ ದಿನ ಹುಚ್ಚಯ್ಯ ಎರಡು ಕೇಜಿ ಮೈಸೂರುಪಾಕು ತಂದು ಆಫೀಸಿನ ಮೇಜು ಮೇಜಿಗೂ ಹಂಚಿದ. ಸೂಪರ್‌ವೈಸರು ಒಂದು ತುಂಡು ಬಾಯಿಗಿಟ್ಟುಕೊಂಡು, "ಪರವಾಗಿಲ್ವಲ್ಲಯ್ಯ, ಮೂವತ್ತೈದು ಮಾರ್ಕಿಗೆ ಇಷ್ಟೊಂದು ಸ್ವೀಟು," ಎಂದಿದ್ದ. ಅಶೋಕನಿಗೆ ಬಂದದ್ದು ಎಪ್ಪತ್ತೊಂದು. ಅದನ್ನು ಹೇಳಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎಲ್ಲರ ಜೊತೆ ಸೇರಿ ನಕ್ಕುಬಿಟ್ಟಿದ್ದ. ಆಮೇಲಿನ ಮೂರು ವರ್ಷ ಅಶೋಕ ಆ ಆಫೀಸಿನಲ್ಲಿ 'ಥರ್ಟಿಫೈವ್' ಆಗಿದ್ದ. ಅವನು ಅಳೆದುಬಂದ ಪ್ರತಿ ಗೆರೆಯನ್ನೂ ಸೂಪರ್‌ವೈಸರು ಇನ್ನೊಬ್ಬನನ್ನು ಕಳಿಸಿ ಮರು ಅಳತೆ ಮಾಡಿಸುತ್ತಿದ್ದ. ಒಂದಾದರೂ ತಪ್ಪಿರಲಿಲ್ಲ. ಅಪ್ಪನಿಗೆ ಆ ಮಾತು ಅರ್ಥವಾಗಿರಲಿಲ್ಲ, ಅದಕ್ಕೇ ನಕ್ಕ ಎಂದು ಅಶೋಕ ಇಷ್ಟು ವರ್ಷ ನಂಬಿಕೊಂಡು ಬಂದಿದ್ದ.

"ಸಾ, ಇನ್ನೊಂದ್ಸಲ ಅಳೀರಿ ಸಾ, ಕಲ್ಲು ಸರಿಸವ್ನೆ ಇವ್ನು," ಎಂದು ಅಣ್ಣ ಕೂಗುತ್ತಿದ್ದಾಗ ಅಶೋಕನ ಜೇಬಿನ ಮೊಬೈಲು ಒಂದೇ ಸಮನೆ ನಡುಗತೊಡಗಿತು. ಆಟದ ಗುಂಪಿನಲ್ಲಿ ಪ್ರದ್ಯುಮ್ನ ಏನೋ ಹಾಕಿದ್ದ. ಗುಂಪಿನಲ್ಲೆಲ್ಲ ಕಿರಿಯವನಾದ ಪ್ರದ್ಯುಮ್ನ ಬ್ಯಾಂಕಿನಲ್ಲಿ ಗುಮಾಸ್ತ. ನಿನ್ನೆ ಆ ನಾಲ್ಕು ನಿಮಿಷವೂ ಟಿವಿಗೆ ಬೆನ್ನು ಹಾಕಿ ಇವರ ಮುಖಗಳನ್ನೇ ವಿಡಿಯೊ ಮಾಡುತ್ತಿದ್ದ. ಅಶೋಕ ಹೊಂಗೆಮರದ ನೆರಳಿಗೆ ಸರಿದು ನೋಡಿದ. ಶಿವಶಂಕರರ ಸೋಫಾ, ಕೋಡುಬಳೆಯ ತಟ್ಟೆ, ತಲೆಯ ಮೇಲೆ ಕೈಹೊತ್ತ ತಾನು. ಟಿವಿಯ ಬೆಳಕು ಎಲ್ಲರ ಮುಖದ ಮೇಲೂ ಹಸಿರಾಗಿ ಆಡುತ್ತಿತ್ತು. ಪೆನಾಲ್ಟಿ ಎಂದು ರೆಫರಿ ಬೆರಳು ತೋರಿಸಿರಬೇಕು. ಎಲ್ಲರೂ ಒಟ್ಟಿಗೆ ಅರಚಿದರು. ಆ ರೆಫರಿ ಕಪ್ಪು ಜನಾಂಗದವನು. ಅದು ವಿಡಿಯೊದಲ್ಲಿ ಕಾಣುತ್ತಿರಲಿಲ್ಲ, ಆದರೆ ಅಶೋಕನಿಗೆ ನೆನಪಿತ್ತು: ಪರದೆಯನ್ನು ನೋಡುವಾಗ ಅವನ ಹಣೆಯ ಮೇಲೆ ನಿಂತಿದ್ದ ಬೆವರು, ಸುತ್ತಲಿನ ಅರವತ್ತು ಸಾವಿರ ಜನರ ಬೊಬ್ಬೆ. ವಿಡಿಯೊದಲ್ಲಿ ಶಿವಶಂಕರ್ ತೊಡೆ ತಟ್ಟಿ ಹೇಳಿದರು: "ಇವನ್ನೂ ಕೋಟಾದಲ್ಲೇ ತಗೊಂಡಿರ್ಬೇಕು ಕಣ್ರೀ!" ನಗು ಎದ್ದಿತು. ಆ ನಗುವಿನೊಳಗಿಂದ ಅಶೋಕನ ದನಿ, ಅವನದೇ ದನಿ, ಸ್ಪಷ್ಟವಾಗಿ ಬಂತು: "ಮೂವತ್ತೈದಕ್ಕೇ ಪಾಸು ಮಾಡವ್ರೆ ಬುಡಿ!" ನಗು ಇಮ್ಮಡಿಯಾಯಿತು. ಯಾರೋ ಅವನ ಬೆನ್ನಿಗೆ ಗುದ್ದಿದರು. ಅದರ ಕೆಳಗೆ ನಗುವ ಮುಖಗಳ ಚಿತ್ರಗಳು ಸಾಲುಗಟ್ಟಿದ್ದವು. ಪ್ರದ್ಯುಮ್ನ ಅದನ್ನು ಊರಿಗೆಲ್ಲ ಕಾಣುವ ಹಾಗೆ ಗುಂಪಿನ ಪುಟದಲ್ಲೂ ಹಾಕಿದ್ದ, ನಿನ್ನೆ ರಾತ್ರಿಯೇ.

ಹೊಂಗೆಯ ನೆರಳು ಕಾಲಡಿಯಲ್ಲಿ ಅಲುಗುತ್ತಿತ್ತು. ಅಶೋಕನಿಗೆ ಮೊದಲು ಬಂದ ಯೋಚನೆ, ಇದು ನಾನಲ್ಲ ಎಂಬುದಲ್ಲ. ಇದನ್ನು ಹೀಗೆ ನೋಡಬಾರದು ಎಂಬುದು. ಐದು ಜನ ಅರಚುವಾಗ, ರಕ್ತ ಕುದಿಯುವಾಗ, ಬಾಯಿಗೆ ಬಂದದ್ದು ಬಂತು. ತಗುಲಿದ್ದು, ಅಷ್ಟೆ. ಅವನು ವಿಡಿಯೊವನ್ನು ಮತ್ತೆ ಹಚ್ಚಿದ. ಆಮೇಲೆ, ಯಾರೂ ಹೇಳದಿದ್ದರೂ, ಬೆರಳಿನಿಂದ ಅದರ ವೇಗ ಇಳಿಸಿದ. ಶಿವಶಂಕರರ ತುಟಿ ನಿಧಾನವಾಗಿ ತೆರೆದು ಮುಚ್ಚಿತು. ಅಶೋಕ ತನ್ನ ಮುಖವನ್ನೇ ನೋಡುತ್ತಿದ್ದ. ಅಲ್ಲಿ, ಆ ಮಾತು ಮುಗಿದ ಮೇಲೆ ಮತ್ತು ನಗು ಶುರುವಾಗುವ ಮುಂಚೆ, ಸಣ್ಣದೊಂದು ಸಂದಿಯಿತ್ತು. ಆ ಸಂದಿಯಲ್ಲಿ ಅವನ ಕಣ್ಣುಗಳು ಟಿವಿಯನ್ನು ಬಿಟ್ಟು ಬಲಕ್ಕೆ ಹೋದವು, ಎಡಕ್ಕೆ ಹೋದವು. ಪ್ರತಿಯೊಬ್ಬರ ಮುಖವನ್ನೂ ಮುಟ್ಟಿ ಬಂದವು. ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ನೋಡಿದವು. ಆಮೇಲೆ ಬಾಯಿ ನಕ್ಕಿತು. ಎಲ್ಲರಿಗಿಂತ ಸ್ವಲ್ಪ ತಡವಾಗಿ, ಎಲ್ಲರಿಗಿಂತ ಸ್ವಲ್ಪ ದೊಡ್ಡದಾಗಿ. ಆಮೇಲೆ ಮಾತು. ಇಪ್ಪತ್ತೆರಡು ವರ್ಷದಿಂದ ಒಳಗೆ ಕೂತಿದ್ದ ಮಾತು, ಅದೇ ಸೂಪರ್‌ವೈಸರನ ಮಾತು, ಅವನ ರಾಗದಲ್ಲೇ. ಮೈಸೂರುಪಾಕಿನ ಡಬ್ಬ ಹಿಡಿದು ನಿಂತ ಅಪ್ಪನೂ ನಗುವ ಮುಂಚೆ ಒಂದು ಸಲ ಸುತ್ತ ನೋಡಿದ್ದನಲ್ಲವೇ? ನೋಡಿದ್ದ. ಅರ್ಥವಾಗದೆ ನಕ್ಕದ್ದಲ್ಲ ಅದು. ಮಗನ ಹೊಸ ಕೆಲಸಕ್ಕೆ ಮೊದಲ ದಿನವೇ ಎಲ್ಲಿ ಕುತ್ತು ಬರುವುದೋ ಎಂದು ಹೆದರಿ ನಕ್ಕದ್ದು. ತಾನು ಯಾರಿಗೆ ಹೆದರಿದ್ದು? ಕೋಡುಬಳೆಗೆ?

"ಸಾ, ಬಿಸ್ಲು ಏರ್ತಾ ಅದೆ," ಎಂದ ತಮ್ಮ. ಅಶೋಕ ಕೈಯೆತ್ತಿ ತಡೆ ಎಂದ. ಪ್ರದ್ಯುಮ್ನನಿಗೆ ಫೋನು ಮಾಡಿದ. "ಆ ವಿಡಿಯೊ ತೆಗೆದುಬಿಡಪ್ಪ."

"ಯಾಕ್ ಸಾರ್? ಸಖತ್ತಾಗಿ ಓಡ್ತಿದೆ. ನಿಮ್ಮ ಡೈಲಾಗೇ ಹೈಲೈಟು."

ಯಾಕೆ ಎಂಬುದಕ್ಕೆ ಉತ್ತರ ಅವನ ನಾಲಗೆಯ ತುದಿಯಲ್ಲಿತ್ತು. ಎರಡೇ ಮಾತು. ಅಣ್ಣತಮ್ಮಂದಿರು ಬದುವಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಅವನನ್ನೇ ನೋಡುತ್ತಿದ್ದರು. "ಏನಿಲ್ಲ, ಆಫೀಸಲ್ಲಿ ನೋಡಿದ್ರೆ... ಸರ್ಕಾರಿ ನೌಕರಿ, ಗೊತ್ತಲ್ಲ," ಎಂದ.

"ಓ, ಹೌದಲ್ವಾ! ಸಾರಿ ಸಾರ್, ಈಗ್ಲೇ ತೆಗಿತೀನಿ." ಎರಡು ನಿಮಿಷದಲ್ಲಿ ವಿಡಿಯೊ ಹೋಯಿತು. ಅಷ್ಟು ಸುಲಭವಾಗಿ ಹೋಯಿತೆಂಬುದೇ ಅಶೋಕನಿಗೆ ಇನ್ನೊಂದು ಅವಮಾನದಂತೆ ಕಂಡಿತು. ಅವತ್ತು ಅವನು ಬದುವಿನ ಕಲ್ಲನ್ನು ಎರಡು ಸಲ ಅಳೆದ. ಎರಡು ಸಲವೂ ಕಲ್ಲು ಇದ್ದಲ್ಲೇ ಸರಿಯಾಗಿತ್ತು. ಅಣ್ಣ ಸಹಿ ಹಾಕಲಿಲ್ಲ.

ನಾಲ್ಕು ಗಂಟೆಗೆಲ್ಲ ಮನೆಗೆ ಬಂದಾಗ ಧರಣಿ ತನ್ನ ಕೋಣೆಯ ಮಂಚದ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಓದದೆ ಕೂತಿದ್ದಳು. ಅಶೋಕ ಬಾಗಿಲಲ್ಲಿ ನಿಂತ. ಒಳಗೆ ಹೋಗಲು ಅಪ್ಪಣೆ ಬೇಕೆನಿಸಿತು; ತನ್ನ ಮನೆಯಲ್ಲಿ ಅವನಿಗೆ ಹಾಗೆ ಅನಿಸಿದ್ದು ಅದೇ ಮೊದಲು.

"ನಿನ್ನೆ ಏನಂದೆ ಅಪ್ಪಾ, ಇನ್ನೊಂದ್ಸಲ ಹೇಳು," ಎಂದಳು ಅವಳು, ಅವನತ್ತ ನೋಡದೆ.

"ಗಲಾಟೇಲಿ ಏನೋ... ಅದರಲ್ಲಿ ಸೌಂಡೇ ಸರಿಯಿಲ್ಲ."

"ಸೌಂಡು ಚೆನ್ನಾಗೇ ಇತ್ತು."

ಅವಳು ಹೇಳಿದಳು. ಅಳುತ್ತ ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಕೋರ್ಟಿನಲ್ಲಿ ದಾಖಲೆ ಓದುವವಳಂತೆ ಹೇಳಿದಳು. ಹೋದ ವಾರ ಅಣಕು ನ್ಯಾಯಾಲಯದ ಸ್ಪರ್ಧೆಗೆ ಕಾಲೇಜಿನಿಂದ ಆರಿಸಿದ ಮೂವರಲ್ಲಿ ಅವಳೂ ಒಬ್ಬಳು. ಕ್ಲಾಸಿನಲ್ಲಿ ಒಬ್ಬ, ಇಲ್ಲೂ ಕೋಟಾನಾ ಎಂದ. ಅವಳು ಎದ್ದು ನಿಂತು ಎಲ್ಲರೆದುರಿಗೆ, ನಮ್ಮ ತಾತ ಸರಪಳಿ ಎಳೆದೋರು, ನಮ್ಮಪ್ಪ ಸರ್ವೆಯರು, ಇಪ್ಪತ್ತೆರಡು ವರ್ಷದಲ್ಲಿ ಅವರ ಒಂದು ಗೆರೆ ತಪ್ಪು ಅಂತ ಯಾರೂ ತೋರಿಸಿಲ್ಲ, ನನ್ನದೊಂದು ತಪ್ಪು ನೀನು ತೋರ್ಸು ಎಂದಿದ್ದಳು. ಅವನು ಬಾಯಿ ಮುಚ್ಚಿಕೊಂಡಿದ್ದ. ನಿನ್ನೆ ರಾತ್ರಿ ಸಮನ್ವಿತಾ ತಮಾಷೆಗೆಂದು ಆ ವಿಡಿಯೊವನ್ನು ಕ್ಲಾಸಿನ ಗುಂಪಿಗೆ ಹಾಕಿದಳು, ನಮ್ಮಪ್ಪಂದಿರ ಅವತಾರ ನೋಡಿ ಅಂತ. ಇವತ್ತು ಬೆಳಗ್ಗೆ ಆ ಹುಡುಗ ಇವಳ ಬೆಂಚಿನ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ನಿಮ್ಮಪ್ಪನೇ ಒಪ್ಕೊಂಡ್ರಲ್ಲ ಧರಣಿ. ಮೂವತ್ತೈದಾ?"

"ನಾನೇನು ಹೇಳ್ಬೇಕಿತ್ತು ಹೇಳಪ್ಪ," ಎಂದಳು. "ಹೇಳ್ಕೊಡು. ನೀನೇ ಅಲ್ವಾ ನನಗೆಲ್ಲ ಹೇಳ್ಕೊಟ್ಟಿದ್ದು."

"ಶಿವಶಂಕರ್ ಮನೆಯೋರಿಗೆ ನಾವು ಯಾರು ಅಂತ ಗೊತ್ತಿಲ್ಲ ಕಣಮ್ಮ," ಎಂದ ಅಶೋಕ. ಅದು ತನಗೊಂದು ನೆಪವಾಗಬಹುದೆಂದು ಹೇಳಿದ ಮಾತು; ಬಾಯಿಂದ ಹೊರಬಿದ್ದ ಮೇಲೆ ಅದೇ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸಿತು. ಧರಣಿ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪಾಪ ಎಂಬಂಥದೇನೋ ಇತ್ತು, ಅದನ್ನು ಅವನು ತಡೆಯಲಾರದೆ ಹೋದ. "ಇವತ್ತೇ ಹೋಗಿ ಹೇಳ್ಬುಟ್ಟು ಬರ್ತೀನಿ," ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡ.

ರಿಂಗ್ ರಸ್ತೆಯುದ್ದಕ್ಕೂ ಅವನು ಮಾತುಗಳನ್ನು ಜೋಡಿಸಿದ. ಹೂಟಗಳ್ಳಿಯಲ್ಲಿ ಫ್ಯಾಕ್ಟರಿ ಬಿಟ್ಟ ಹೊತ್ತು. ಬಸ್ಸುಗಳ ಹಿಂದೆ ನಿಂತು ಹೊಗೆ ಕುಡಿಯುತ್ತ, ತಾನು ಹೇಳಿದೊಡನೆ ಶಿವಶಂಕರರ ಮುಖ ಹೇಗೆ ಕಪ್ಪಿಡುತ್ತದೆ, ಅವರು ಹೇಗೆ ತಡವರಿಸುತ್ತಾರೆ, ಅಯ್ಯೋ ನಮಗೆ ಗೊತ್ತಿರಲಿಲ್ಲ ಅಶೋಕ್ ಎನ್ನುತ್ತಾರೆ, ಎಂದೆಲ್ಲ ಕಂಡ. ಆಗ ತಾನು ದೊಡ್ಡ ಮನಸ್ಸಿನಿಂದ ಪರವಾಗಿಲ್ಲ ಎನ್ನಬೇಕೋ ಬೇಡವೋ ಎಂದೂ ಯೋಚಿಸಿದ.

ಬಾಗಿಲು ತೆಗೆದದ್ದು ಸುಂದರಮ್ಮ. "ಬನ್ನಿ ಬನ್ನಿ, ಇವತ್ತೂ ಆಟ ಅದೆಯಾ?" ಎಂದರು. ಶಿವಶಂಕರ್ ಲುಂಗಿಯಲ್ಲಿ ಸೋಫಾದ ಮೇಲೆ ಕೂತಿದ್ದವರು ಎದ್ದು ಬಂದು ಕೈ ಹಿಡಿದುಕೊಂಡರು. "ನೋಡಿದ್ರಾ ಅಶೋಕ್? ಹಳೇ ರೆಫರಿಗಳೆಲ್ಲ ಸೇರ್ಕೊಂಡು ಪೆನಾಲ್ಟಿ ಕೊಟ್ಟಿದ್ದು ಸರಿ ಅಂತ ಹೇಳವ್ರೆ. ಬೇರೆ ಆಂಗಲ್ಲಿಂದ ನೋಡಿದ್ರೆ ಕೈ ಮೇಲೆತ್ತಿದ್ದು ಕಾಣತ್ತಂತೆ. ಅವನು ಹೇಳಿದ್ದೇ ಕರೆಕ್ಟು ಅನ್ನಿ." ಅವರ ಮೊಬೈಲಿನಲ್ಲಿ ಆ ಹೊಸ ಕೋನದ ಚಿತ್ರವಿತ್ತು. ಡಿಫೆಂಡರನ ತೋಳು ಭುಜಕ್ಕಿಂತ ಮೇಲೆ, ಚೆಂಡಿನ ಕಡೆಗೆ ಚಾಚಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬೆವರಿದ ಹಣೆಯ ಆ ಮನುಷ್ಯ, ಅರವತ್ತು ಸಾವಿರ ಜನ ಕೂಗುತ್ತಿದ್ದಾಗ, ಸರಿಯಾಗಿ ನೋಡಿ ಸರಿಯಾದದ್ದನ್ನೇ ಹೇಳಿದ್ದ. ಅಶೋಕ ಚಿತ್ರವನ್ನು ನೋಡುತ್ತ ನಿಂತೇ ಹೇಳಿದ:

"ಶಿವಶಂಕರ್, ನಾನೂ ಕೋಟಾದಲ್ಲೇ ಕೆಲಸಕ್ಕೆ ಬಂದೋನು."

ಶಿವಶಂಕರರ ಮುಖ ಕಪ್ಪಿಡಲಿಲ್ಲ. ಅವರು ಅಶೋಕನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ಅಯ್ಯೋ, ಗೊತ್ತು ಕಣ್ರೀ! ಮೊದಲ್ನೇ ದಿನದಿಂದ್ಲೂ ಗೊತ್ತು. ನಮ್ಮಮ್ಮ ಅವತ್ತೇ ವಿಚಾರಿಸ್ಕೊಂಡ್ರು. ಅದಕ್ಕೇನೀಗ?" ಅವರ ದನಿಯಲ್ಲಿ ನಿಜವಾದ ಪ್ರೀತಿಯಿತ್ತು. "ನಿನ್ನೆ ನೀವೇ ಆ ಮಾತು ಹೇಳಿ ನಕ್ರಲ್ಲ, ನಮಗೆಲ್ಲ ಎಷ್ಟು ಸಂತೋಷ ಆಯ್ತು ಗೊತ್ತಾ? ನೀವು ಹೋದ್ಮೇಲೂ ಅದೇ ಮಾತಾಡ್ಕೊಂಡ್ವಿ. ಅಶೋಕ್ ಆ ಜನದೋರಂಗಲ್ಲ ಕಣ್ರಯ್ಯ ಅಂದೆ. ಏನಾದ್ರೂ ಅಂದ್ರೆ ಚುಚ್ಕೊಳೋ ಪೈಕಿ ಅಲ್ಲ, ನಮ್ಮಂಗೇ ಅಂತ."

ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಗೊತ್ತಿಲ್ಲದವನಿಗೆ ಹೇಳಲೆಂದು ಮಾಡಿದವು. ಮೂರು ವರ್ಷ, ಆ ಸೋಫಾದ ಮೇಲೆ, ತಾನೊಬ್ಬನೇ ಬಚ್ಚಿಟ್ಟುಕೊಂಡು ಕೂತಿದ್ದ; ಅವರೆಲ್ಲ ಅದನ್ನು ನೋಡುತ್ತ ಕೂತಿದ್ದರು. ನಿನ್ನೆ ಆ ಸಂದಿಯಲ್ಲಿ ತನ್ನ ಕಣ್ಣು ಬಲಕ್ಕೆ ಎಡಕ್ಕೆ ಓಡಿದಾಗ ಅವರು ಬೇಕೆಂದೇ ಟಿವಿಯತ್ತ ನೋಡುತ್ತಿದ್ದಿರಬೇಕು. "ಅದು ತಪ್ಪು ಶಿವಶಂಕರ್," ಎಂದ ಅಶೋಕ. ದನಿ ಎಷ್ಟು ಸಣ್ಣಗೆ ಬಂತೆಂದರೆ ಶಿವಶಂಕರ್ ಮೊಬೈಲಿನತ್ತ ನೋಡಿ, "ಹೌದು ಬುಡಿ, ನಮ್ಮೋನೇ ಕೈ ಎತ್ತಿದ್ದು ತಪ್ಪು," ಎಂದರು. ಅವನು ತಿದ್ದಲಿಲ್ಲ. ಚಪ್ಪಲಿ ಮೆಟ್ಟುವಾಗ ಸುಂದರಮ್ಮ ಹಳೆಯ ಪೇಪರಿನಲ್ಲಿ ಕಟ್ಟಿದ ಪೊಟ್ಟಣ ತಂದು, "ಮಗಳಿಗೆ ಕೊಡಿ, ಬಿಸಿಬಿಸಿ ಅದೆ," ಎಂದರು. ಬೇಡ ಎನ್ನಲು ಬಾಯಿ ತೆರೆದ. ಎಣ್ಣೆಯಿಂದ ತೊಯ್ದ ಪೊಟ್ಟಣ ಅಷ್ಟರಲ್ಲಿ ಅವನ ಕೈಯಲ್ಲಿತ್ತು.

ಕೆಸರೆಯಲ್ಲಿ ದೀಪ ಹತ್ತಿದ್ದವು. ಧರಣಿ ಹಾಲಿಗೆ ಬಂದು ಕಾಯುತ್ತಿದ್ದಳು. ಅವನ ತಾಯಿ ಪುಟ್ಟಲಿಂಗಮ್ಮ ಬಾಗಿಲ ಪಕ್ಕದ ಚಾಪೆಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು.

"ಹೇಳಿದ್ಯಾ?" ಎಂದಳು ಧರಣಿ.

"ಹೇಳ್ದೆ."

"ಏನಂದ್ರು?"

ಕ್ಷಮೆ ಕೇಳಿದರು ಎಂಬ ಮಾತು ಗಂಟಲಿಗೆ ಬಂದು ನಿಂತಿತು. ಎಷ್ಟು ಸಲೀಸಾಗಿ ಬಂತು! ಅವನು ಪೊಟ್ಟಣವನ್ನು ಟೀಪಾಯಿಯ ಮೇಲಿಟ್ಟ. "ಮೊದಲಿಂದ್ಲೂ ಗೊತ್ತಿತ್ತಂತೆ," ಎಂದ. "ನಾನು ನಕ್ಕಿದ್ದು ನೋಡಿ ಅವರಿಗೆ ಸಂತೋಷ ಆಯ್ತಂತೆ. ನಮ್ಮ ಜನದೋರಂಗಲ್ಲ ನಾನು ಅಂದ್ರು. ನಾನು ಸುಮ್ನೆ ಬಂದ್ಬುಟ್ಟೆ."

ಮಾಲಾ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ವರ್ಷದಿಂದ ಕಿವಿ ಮಂದವಾಗಿದ್ದ ಪುಟ್ಟಲಿಂಗಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, "ಏನ್ಲಾ ಮಗ, ಯಾರಿಗೆ ಏನಾಯ್ತು? ಜೋರಾಗಿ ಹೇಳು," ಎಂದಳು.

"ಏನಿಲ್ಲ ಸುಮ್ನಿರವ್ವ."

"ಏನಿಲ್ದೆಯಾ ಕೂಸು ಹೊತ್ತಾರಿಂದ ಉಂಡಿಲ್ಲ? ಹೇಳೋ."

ಕಿಟಕಿಗಳೆಲ್ಲ ತೆರೆದಿದ್ದವು. ಪಕ್ಕದ ಮನೆಯ ಯಶೋಧಾ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ಅಶೋಕ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಾಗಿ, ಕೂಗಿ ಹೇಳಿದ: "ನಿನ್ನೆ ಟಿವೀಲಿ ಆಟ ನೋಡ್ತಾ ಇದ್ವಲ್ಲವ್ವಾ, ಅದ್ರಲ್ಲಿ ಆಟ ಆಡಿಸೋನು ಒಬ್ಬ ಇದ್ದ. ಅವನು ಸರಿಯಾಗೇ ನ್ಯಾಯ ಹೇಳ್ದ. ಅವರೆಲ್ಲ ಅವನ್ನ ಕೀಳು ಮಾಡಿ ಮಾತಾಡಿದ್ರು."

"ಯಾರ್‍ನ?"

"ಆಟ ಆಡಿಸೋನ್ನ."

ಪುಟ್ಟಲಿಂಗಮ್ಮ ಬೆರಳ ನಡುವಿನ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದು ಮಗನ ಮುಖ ನೋಡಿದಳು. "ನಮ್ಮೋನಾ?"

ನಲ್ಲಿಯ ಸದ್ದು ನಿಂತಿತ್ತು. ಧರಣಿ ಅವನ ಹಿಂದೆ ಎಲ್ಲೋ ನಿಂತಿದ್ದಳು. ಅವನು ತಿರುಗಿ ನೋಡಲಿಲ್ಲ.

"ಹೂಂ ಅವ್ವಾ," ಎಂದ ಅಶೋಕ, ಇನ್ನೂ ಜೋರಾಗಿ. "ನಮ್ಮೋನೇ. ಅವನ್ನ ನಾನೂ ಆಡ್ಕೊಂಡು ನಕ್ಬುಟ್ಟೆ."